ನಂಬಿಕೆಗೆ ಬೆಲೆ ತೆರುವವರು ಯಾರು?

ಒಂಬತ್ತನೆಯ ತರಗತಿಗೆ ವಿಜ್ಞಾನದ ಪಾಠ ಹೇಳುತ್ತಿದ್ದೆವು. ಪ್ರಯೋಗಕ್ಕೆ ನಿಂತುದನ್ನಷ್ಟೇ ವಿಜ್ಞಾನವು ಒಪ್ಪುತ್ತದೆ, ಆಧಾರವಿಲ್ಲದುದನ್ನು ನಂಬುವುದು ವಿದ್ಯಾವಂತನಿಗೆ ತಕ್ಕುದಲ್ಲ ಎಂದು ಅಧ್ಯಾಪಕರೆಲ್ಲರೂ ಹೇಳುವ ಮಾತನ್ನು ನಾವೂ ಹೇಳಿ ಮುಗಿಸಿದೆವು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ದೇವರು ಅದಾನ ಅಂತ ಯಾರೂ ಪ್ರಯೋಗ ಮಾಡಿ ತೋರಿಸಿಲ್ಲ. ನಮ್ಮವ್ವ ವರ್ಷಾ ಗುಡ್ಡಾಪುರಕ್ಕ ಬರಿಗಾಲಿಲೆ ನಡಕೋತ ಹೋಗ್ತಾಳ. ಹಂಗಾದ್ರ ಅಕಿ ಮಾಡೂದು ತಪ್ಪೇನ್ರಿ?”

ಹುಡುಗ ಉದ್ಧಟತನದಿಂದ ಕೇಳಿರಲಿಲ್ಲ. ತಾಯಿಯನ್ನೂ ಬಿಟ್ಟುಕೊಡಲಾರ, ಪಾಠವನ್ನೂ ಬಿಟ್ಟುಕೊಡಲಾರ. ಆ ಕಷ್ಟ ಅವನ ಮುಖದ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು. “ನಾಳೆ ಮಾತಾಡೋಣ” ಎಂದು ಪುಸ್ತಕ ಮಡಚಿ ಹೊರಬಂದೆವು. ಗಂಟೆಯೇ ನಮ್ಮನ್ನು ಪಾರುಮಾಡಿತೆಂಬುದು ನಮಗೆ ಗೊತ್ತು, ಬಹುಶಃ ಹುಡುಗನಿಗೂ ಗೊತ್ತು. ಆ ‘ನಾಳೆ’ಗೆ ಏನು ಹೇಳುವುದೆಂದು ಯೋಚಿಸಿದುದರ ಫಲ ಈ ಲೇಖನ.

ಕಾಸರಗೋಡಿನ ವಾಚಕರಿಗೆ ಜತ್ತ ಎಂಬ ಹೆಸರು ಅಷ್ಟು ಪರಿಚಿತವಾಗಿರಲಾರದು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಜಿಲ್ಲೆಗೆ ತಾಗಿಕೊಂಡಿರುವ ತಾಲೂಕು ಇದು. ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಹೇಳಿದ ಮಹಾಜನ ವರದಿಯೇ ಜತ್ತದ ಹಲವು ಕನ್ನಡ ಹಳ್ಳಿಗಳ ವಿಷಯದಲ್ಲಿಯೂ ಅದೇ ಮಾತನ್ನು ಹೇಳಿತು. ನಿಮ್ಮದೂ ನಮ್ಮದೂ ಅದೇ ಕಾಗದದಲ್ಲಿ ಉಳಿಯಿತು. ನಿಮ್ಮಲ್ಲಿ ಮಳೆ ಬೇಡವೆಂದರೂ ಬಿಡದು, ನಮ್ಮಲ್ಲಿ ಬೇಕೆಂದರೂ ಬಾರದು. ಆದರೆ ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಎಂಬ ಬದುಕು ಇಬ್ಬರದೂ ಒಂದೇ. ಆ ಸಲುಗೆಯಿಂದ ಈ ಮಾತುಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ನಮ್ಮ ಓದು ಟಿ.ಸಿ.ಎಚ್.ವರೆಗಿನದು, ತತ್ತ್ವಶಾಸ್ತ್ರದ ಪದವಿಯೇನೂ ಇಲ್ಲ. ತಪ್ಪಿದ್ದರೆ ತಿದ್ದುವ ಹಿರಿಯರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಗುಡ್ಡಾಪುರದ ದಾರಿ

ಹುಡುಗ ಹೇಳಿದ ಗುಡ್ಡಾಪುರ ನಮ್ಮ ತಾಲೂಕಿನದೇ ಒಂದು ಹಳ್ಳಿ. ಅಲ್ಲಿ ದಾನಮ್ಮದೇವಿಯ ಗುಡಿಯಿದೆ. ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಅವಳು ಹುಟ್ಟಿದ್ದು ಇದೇ ತಾಲೂಕಿನ ಉಮರಾಣಿಯಲ್ಲೆಂದೂ, ಮೊದಲ ಹೆಸರು ಲಿಂಗಮ್ಮನೆಂದೂ, ಕಲ್ಯಾಣದಲ್ಲಿ ಅವಳ ದಾಸೋಹವನ್ನು ಕಂಡು ಬಸವಣ್ಣನವರು ದಾನಮ್ಮನೆಂದು ಕರೆದರೆಂದೂ ಪರಂಪರೆ ಹೇಳುತ್ತದೆ. ಕಾರ್ತಿಕ ಮಾಸ ಮುಗಿಯುವ ಛಟ್ಟಿ ಅಮಾವಾಸ್ಯೆಗೆ ಅಲ್ಲಿ ಜಾತ್ರೆ. ವಿಜಯಪುರ, ಬಾಗಲಕೋಟೆ, ಸೊಲ್ಲಾಪುರದ ಕಡೆಗಳಿಂದ ಜನರು ದಿನಗಟ್ಟಲೆ ನಡೆದು ಬರುತ್ತಾರೆ. ಚಳಿಯ ಕಾಲ, ಎರಡೂ ಬದಿಗೆ ಜೋಳದ ಹೊಲ. ದಾರಿಯ ಊರಿನವರು ಚಹ, ಉಪ್ಪಿಟ್ಟು ಕೊಡುತ್ತಾರೆ, ಬೊಬ್ಬೆಯೆದ್ದ ಅಂಗಾಲಿಗೆ ಎಣ್ಣೆ ಹಚ್ಚುತ್ತಾರೆ.

ಆ ದಾರಿಯಲ್ಲಿ ನಾವೂ ನಡೆದಿದ್ದೇವೆ. ಜತೆಗಿದ್ದವರನ್ನು ಯಾಕೆ ಬಂದಿರೆಂದು ಕೇಳಿದ್ದೇವೆ. ಒಬ್ಬಳಿಗೆ ಮಗಳ ಹೆರಿಗೆ ಸುಖವಾಗಿ ಆಗಬೇಕು. ಒಬ್ಬನಿಗೆ ಬಾವಿಯಲ್ಲಿ ನೀರು ಬೀಳಬೇಕು. ಒಬ್ಬ ಮುದುಕಿ ಮಾತ್ರ, “ಏನೂ ಬೇಡಾಕ ಬಂದಿಲ್ಲಪ್ಪ. ಬರಲಿಲ್ಲಂದ್ರ ಜೀವಕ್ಕ ಸಮಾಧಾನ ಇಲ್ಲ” ಎಂದಳು. ಪ್ರಮಾಣ ಕೊಡಿರೆಂದರೆ ಇವರಾರ ಕೈಯಲ್ಲಿಯೂ ಇಲ್ಲ. ಇರುವುದು ಎರಡೇ: ಒಂದು ಭಾವ, ಇನ್ನೊಂದು ಸಂಕಲ್ಪ. ಹೆದರಿಕೆ, ಆಸೆ, ಕೃತಜ್ಞತೆ, ಪ್ರೀತಿ ಇವೆಲ್ಲ ಸೇರಿದ್ದು ಭಾವ. ಕಾಲು ಒಡೆದರೂ ನಡೆಯುವೆನೆಂದು ಗಟ್ಟಿಮಾಡಿಕೊಂಡ ಮನಸ್ಸು ಸಂಕಲ್ಪ. ಇವೆರಡೂ ಒಂದು ನಂಬಿಕೆಗೆ ಸಮರ್ಥನೆಯಾಗಬಲ್ಲವೇ? ಹುಡುಗನ ಪ್ರಶ್ನೆಯ ತಿರುಳು ಇಷ್ಟೇ.

ಹಡಗಿನ ಯಜಮಾನ

ಆಗಲಾರವೆಂದು ಖಂಡತುಂಡವಾಗಿ ಹೇಳಿದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಮುಖ್ಯನು. ನಂಬಿಕೆಯ ನೀತಿಯನ್ನು ಕುರಿತು 1877ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಹಡಗಿನ ಯಜಮಾನನೊಬ್ಬನ ಕಥೆ ಬರುತ್ತದೆ. ಹಡಗು ಹಳತಾಗಿದೆ, ದುರಸ್ತಿ ಮಾಡಿಸಬೇಕೆಂಬ ಸಂಶಯ ಯಜಮಾನನಿಗೆ ಬಂದಿತು. ದುರಸ್ತಿಗೆ ಹಣ ಬೇಕು. ಇಷ್ಟು ಸಲ ಹೋಗಿ ಬಂದ ಹಡಗು ಈ ಸಲವೂ ಹೋಗಿ ಬಂದೀತು, ದೇವರು ಕಾಯುತ್ತಾನೆ ಎಂದು ಅವನು ತನ್ನ ಸಂಶಯವನ್ನು ತಾನೇ ಅದುಮಿಟ್ಟು, ದೇಶಾಂತರ ಹೊರಟ ಕುಟುಂಬಗಳನ್ನು ತುಂಬಿಸಿ ಕಳುಹಿಸಿದ. ಹಡಗು ನಡುಗಡಲಿನಲ್ಲಿ ಮುಳುಗಿತು. ಯಜಮಾನ ವಿಮೆಯ ಹಣ ಪಡೆದ. ಅವನು ಮನಸಾರೆ ನಂಬಿದ್ದುದು ನಿಜವೇ. ಆದರೂ ಅವನು ಅಪರಾಧಿ. ಹಡಗು ಮುಳುಗದೆ ದಡ ಸೇರಿದ್ದರೂ ಅವನು ಅಪರಾಧಿಯೇ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಇದು ಕ್ಲಿಫರ್ಡನ ತೀರ್ಪು. ಸಾಕಷ್ಟು ಆಧಾರವಿಲ್ಲದೆ ಯಾವುದನ್ನು ನಂಬುವುದೂ ಎಲ್ಲ ಕಾಲಕ್ಕೂ ಎಲ್ಲರಿಗೂ ತಪ್ಪು ಎಂಬ ನಿಯಮವನ್ನು ಅವನು ಇದರಿಂದ ತೆಗೆದ.

ಕಠಿಣವಾದ ಮಾತು. ಆದರೆ ಹಳ್ಳಿಯಲ್ಲಿದ್ದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಹೊಲದಲ್ಲಿ ಹಾವು ಕಚ್ಚಿದವನನ್ನು ದವಾಖಾನೆಗೆ ಒಯ್ಯದೆ ಗುಡಿಯ ಕಟ್ಟೆಯ ಮೇಲೆ ಮಲಗಿಸುವ ಅಣ್ಣನಿಗೆ ತಮ್ಮನ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳರು. ಪ್ರೀತಿಯೂ ಇದೆ, ಭಕ್ತಿಯೂ ಇದೆ, ಸಂಕಲ್ಪವೂ ಇದೆ. ಇಲ್ಲದಿರುವುದು ವಿಷವಿಳಿಸುವ ಚುಚ್ಚುಮದ್ದು. ಹಾವಿನ ವಿಷ ನಮ್ಮ ಭಾವವನ್ನು ಕೇಳಿ ರಕ್ತಕ್ಕೆ ಏರುವುದಿಲ್ಲ. ಇಂಥಲ್ಲಿ ‘ನಮ್ಮ ನಂಬಿಕೆ ನಮಗೆ’ ಎನ್ನುವವನು ಹಡಗಿನ ಯಜಮಾನನ ಸಾಲಿಗೇ ಸೇರಿದವನು.

ಹಾಗಾದರೆ ಗುಡ್ಡಾಪುರದ ಮುದುಕಿಯೂ ಅದೇ ಸಾಲಿನವಳೇ? ಹಾಗೆನ್ನಲು ನಮಗೆ ಮನಸ್ಸು ಬಾರದು. ಮನಸ್ಸು ಬಾರದೆಂಬುದು ಉತ್ತರವಲ್ಲವೆಂಬುದೂ ನಮಗೆ ಗೊತ್ತು. ಕಾರಣ ಬೇಕು.

ಕಾದು ನೋಡಲಾಗದ ಪ್ರಶ್ನೆಗಳು

ಆ ಕಾರಣವನ್ನು ಹುಡುಕಿದವನು ಅಮೆರಿಕದ ವಿಲಿಯಂ ಜೇಮ್ಸ್. ವೈದ್ಯಶಾಸ್ತ್ರ ಓದಿ, ಮನಶ್ಶಾಸ್ತ್ರಜ್ಞನಾಗಿ, ತತ್ತ್ವಜ್ಞಾನಕ್ಕೆ ಬಂದವನು. ಕ್ಲಿಫರ್ಡ್ ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ, 1896ರಲ್ಲಿ, ‘ನಂಬುವ ಸಂಕಲ್ಪ’ ಎಂಬ ವಿಷಯವಾಗಿ ಅವನು ಮಾಡಿದ ಉಪನ್ಯಾಸ ಮರುವರ್ಷ ಪುಸ್ತಕವಾಗಿ ಬಂದಿತು. ಬೇಕಾದುದನ್ನೆಲ್ಲ ನಂಬಬಹುದೆಂದು ಜೇಮ್ಸ್ ಹೇಳಿದನೆಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಅವನು ಹಾಕಿದ ಷರತ್ತುಗಳು ಬಿಗಿಯಾಗಿವೆ.

ಬುದ್ಧಿಯಿಂದಲೇ ತೀರ್ಮಾನಿಸಲಾಗದಂಥ ಪ್ರಶ್ನೆಯಾಗಿರಬೇಕು ಎಂಬುದು ಮೊದಲನೆಯದು. ಎರಡು ದಾರಿಗಳೂ ನಮಗೆ ಜೀವಂತವಾಗಿರಬೇಕು, ಅಂದರೆ ಎರಡರಲ್ಲಿ ಯಾವುದನ್ನಾದರೂ ಹಿಡಿಯುವುದು ನಮ್ಮಿಂದ ಆಗುವಂತಿರಬೇಕು. ‘ಕಾದು ನೋಡುತ್ತೇನೆ’ ಎಂದು ನಡುವೆ ನಿಲ್ಲಲು ಜಾಗವಿರಬಾರದು, ಕಾಯುವುದೂ ಒಂದು ತೀರ್ಮಾನವೇ ಆಗಿಬಿಡುವಂತಿರಬೇಕು. ಕೊನೆಯದಾಗಿ, ಅದು ಬದುಕಿನಲ್ಲಿ ದೊಡ್ಡದಾದ ಪ್ರಶ್ನೆಯಾಗಿರಬೇಕು. ಇವೆಲ್ಲ ಕೂಡಿದಲ್ಲಿ ಭಾವವೂ ಸಂಕಲ್ಪವೂ ತೀರ್ಮಾನಿಸುವುದು ನ್ಯಾಯವೇ ಎಂಬುದು ಜೇಮ್ಸನ ಮಾತು. ಹಾವು ಕಚ್ಚಿದವನ ಪ್ರಸಂಗ ಮೊದಲ ಷರತ್ತಿನಲ್ಲಿಯೇ ಬಿದ್ದುಹೋಗುತ್ತದೆಂಬುದನ್ನು ಗಮನಿಸಬೇಕು. ಅದಕ್ಕೆ ಉತ್ತರ ದವಾಖಾನೆಯಲ್ಲಿದೆ.

ಜೇಮ್ಸ್ ಇನ್ನೊಂದು ಮಾತನ್ನೂ ಎತ್ತಿ ತೋರಿಸಿದ. ಆಧಾರವಿಲ್ಲದೆ ನಂಬಲಾರೆನೆನ್ನುವವನು ತಾನು ಭಾವದಿಂದ ಮುಕ್ತನೆಂದು ತಿಳಿಯುತ್ತಾನೆ. ಆದರೆ ಅವನನ್ನೂ ಒಂದು ಭಾವವೇ ಆಳುತ್ತಿದೆ: ಮೋಸಹೋದೇನೆಂಬ ಅಂಜಿಕೆ. ಸತ್ಯ ಕೈತಪ್ಪಿ ಹೋದೀತೆಂಬ ಅಂಜಿಕೆಗಿಂತ ಸುಳ್ಳಿಗೆ ಸಿಕ್ಕಿಬೀಳುವ ಅಂಜಿಕೆ ಅವನಲ್ಲಿ ಹೆಚ್ಚು. ಎರಡೂ ಅಂಜಿಕೆಗಳೇ. ಅಲ್ಲದೆ, ನಂಬದೆ ಹೋದರೆ ನಿಜವಾಗಲಾರದ ಸಂಗತಿಗಳೂ ಲೋಕದಲ್ಲಿವೆ. ನೆರೆಯವನು ನಮ್ಮನ್ನು ಸ್ನೇಹದಿಂದ ಕಾಣುತ್ತಾನೆಂಬುದಕ್ಕೆ ಆಧಾರ ಸಿಗುವವರೆಗೆ ಮಾತಾಡಿಸುವುದಿಲ್ಲವೆಂದು ಕುಳಿತರೆ ಸ್ನೇಹ ಹುಟ್ಟುವುದೇ ಇಲ್ಲ. ಜೇಮ್ಸ್ ಇದನ್ನು ತನ್ನ ಬದುಕಿನಲ್ಲಿಯೇ ಕಂಡುಕೊಂಡವನು. ತಾರುಣ್ಯದಲ್ಲಿ ತೀವ್ರವಾದ ಖಿನ್ನತೆಗೆ ಬಿದ್ದಿದ್ದ ಅವನು, ಮನುಷ್ಯನಿಗೆ ಸ್ವತಂತ್ರ ಸಂಕಲ್ಪವಿದೆಯೆಂದು ನಂಬುವುದೇ ತನ್ನ ಸಂಕಲ್ಪದ ಮೊದಲ ಕೆಲಸವೆಂದು 1870ರಲ್ಲಿ ದಿನಚರಿಯಲ್ಲಿ ಬರೆದುಕೊಂಡ. ಅಲ್ಲಿಂದ ಮೆಲ್ಲನೆ ಎದ್ದುನಿಂತ.

ಉಮದಿಯ ಇರುವೆಯ ದಾರಿ

ಇಷ್ಟಕ್ಕೆಲ್ಲ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ತಾಲೂಕಿನ ಉಮದಿಗೆ ಹೋದರೂ ಸಾಕು. ಉಮದಿಯ ಭಾವುಸಾಹೇಬ ಮಹಾರಾಜರು (1843–1914) ಇಂಚಗೇರಿ ಸಂಪ್ರದಾಯದ ಗುರುಗಳು. ಕನ್ನಡ, ಮರಾಠಿ ಎರಡೂ ಮನೆಮಾತಿನವರು ಇವರ ಶಿಷ್ಯರಾಗಿದ್ದರು. ದಿನವೂ ಬಹಳ ಹೊತ್ತು ನಾಮಸ್ಮರಣೆಯಲ್ಲಿ ಕುಳಿತುಕೊಳ್ಳುವುದೇ ಇವರು ತೋರಿದ ದಾರಿ. ಇದಕ್ಕೆ ಪಿಪೀಲಿಕಾ ಮಾರ್ಗ, ಎಂದರೆ ಇರುವೆಯ ದಾರಿ, ಎಂಬ ಹೆಸರು ಬಂದಿದೆ. ಹಕ್ಕಿಯಂತೆ ಹಾರಿ ಹಣ್ಣನ್ನು ಮುಟ್ಟುವ ದಾರಿಯಲ್ಲ ಇದು. ಕಾಂಡವನ್ನು ಹಿಡಿದು, ಜಾರಿ, ಮತ್ತೆ ಹತ್ತಿ, ಹೆಜ್ಜೆ ಹೆಜ್ಜೆಯಾಗಿ ಮೇಲೇರುವ ದಾರಿ.

ಜಮಖಂಡಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ ಹುಡುಗನೊಬ್ಬ 1901ರಲ್ಲಿ ಇವರಿಂದ ನಾಮವನ್ನು ಪಡೆದ. ನಮ್ಮ ತರಗತಿಯ ಹುಡುಗನ ವಯಸ್ಸಿನವನೇ. ಆ ಹುಡುಗ ಮುಂದೆ ಪುಣೆಯಲ್ಲಿಯೂ ಅಲಹಾಬಾದಿನಲ್ಲಿಯೂ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದ, ಗ್ರೀಕ್ ತತ್ತ್ವಜ್ಞಾನವನ್ನೂ ಉಪನಿಷತ್ತುಗಳನ್ನೂ ಅರೆದು ಕುಡಿದ. ಅವರೇ ಗುರುದೇವ ರಾ. ದ. ರಾನಡೆಯವರು. ಯೌವನದಲ್ಲಿ ಅವರಿಗೆ ತೀವ್ರವಾದ ಕಾಯಿಲೆ ಬಂದಿತು. ಆ ಸಂಕಟವೇ ಅವರನ್ನು ನಾಮದ ಕಡೆಗೆ ಹೆಚ್ಚು ಹೆಚ್ಚು ತಿರುಗಿಸಿತು. ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದ ಆಶ್ರಮದಲ್ಲಿ 1957ರ ಜೂನ್ 6ರಂದು ದೇಹವಿಟ್ಟರು.

ಪಶ್ಚಿಮದ ತರ್ಕವನ್ನೆಲ್ಲ ಬಲ್ಲ ರಾನಡೆಯವರು ನಾಮಕ್ಕೆ ಆಧಾರವೇನೆಂದು ಕೇಳದೆ ಬಿಟ್ಟಾರೆಯೇ? ಕೇಳಿದರು. ಮಹಾರಾಷ್ಟ್ರದ ಸಂತರನ್ನು ಕುರಿತು 1933ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಮುನ್ನುಡಿಯಲ್ಲಿ ಅನುಭಾವಕ್ಕೆ ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ನಾವು ಗ್ರಹಿಸಿದಂತೆ ಅವುಗಳ ಸಾರ ಹೀಗಿದೆ: ದೇಶ ಕಾಲ ಬೇರೆಯಾದರೂ ಅನುಭಾವಿಗಳ ಅನುಭವ ಒಂದಕ್ಕೊಂದು ಹೊಂದಿಕೆಯಾಗಬೇಕು, ಅದರಿಂದ ಬುದ್ಧಿ ಮಂಕಾಗದೆ ಚುರುಕಾಗಿ ಉಳಿಯಬೇಕು, ಭಾವವು ಶುದ್ಧವಾಗಬೇಕು, ಎಲ್ಲಕ್ಕಿಂತ ಮಿಗಿಲಾಗಿ ನಡತೆ ಮೇಲಾಗಬೇಕು. ಬುದ್ಧಿ, ಭಾವ, ಸಂಕಲ್ಪ ಇವು ಮೂರಕ್ಕೂ ಅನುಭಾವವು ವಿರೋಧಿಯಲ್ಲ, ಅವುಗಳ ಹಿಂದೆ ನಿಂತು ಅವನ್ನು ತುಂಬುವಂಥದು ಎಂಬುದು ಅವರ ನಿಲುವು.

ಜೇಮ್ಸನ ಮಾತಿಗೆ ಇಲ್ಲೊಂದು ಕೂಡಿಕೆಯಿದೆ. ಜೇಮ್ಸನ ಸಂಕಲ್ಪ ಒಂದು ಸಲದ ನೆಗೆತದಂತೆ ಕಾಣುತ್ತದೆ. ಉಮದಿಯ ಸಂಕಲ್ಪ ದಿನದಿನದ ದುಡಿಮೆ. ಇರುವೆ ಹತ್ತಿದಷ್ಟೂ ತಾನು ಎಲ್ಲಿದ್ದೇನೆಂದು ನೋಡಿಕೊಳ್ಳಬಹುದು. ವರ್ಷಗಟ್ಟಲೆ ನಾಮಕ್ಕೆ ಕುಳಿತವನ ಸಿಟ್ಟು ಇಳಿಯದೆ, ಲೋಭ ಕರಗದೆ ಇದ್ದರೆ ಅವನಿಗೆ ತಾನೇ ತಿಳಿಯಬೇಕು. ಇನ್ನೂ ಒಂದು ಮಾತು: ನಿದ್ದೆಗೆಟ್ಟವರು ಅವರೇ, ಬೆನ್ನು ನೋಯಿಸಿಕೊಂಡವರು ಅವರೇ. ನಂಬಿಕೆಯ ಖರ್ಚನ್ನು ಅವರು ಇನ್ನೊಬ್ಬರ ಲೆಕ್ಕಕ್ಕೆ ಬರೆಯಲಿಲ್ಲ.

ಒಂದು ಹುಡುಗಿಯ ತಲೆಗೂದಲು

ಈ ಕೊನೆಯ ಮಾತು ನಮಗೆ ಪುಸ್ತಕದಿಂದ ಹೊಳೆದುದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಜಾಣೆ. ಅವಳ ಕೂದಲು ಅಂಟುಗಟ್ಟಿ ಹಗ್ಗದಂತೆ ಹೊಸೆದುಕೊಂಡು ನಾಲ್ಕಾರು ಜಡೆಗಳಾದವು. ಯಲ್ಲಮ್ಮ ತಾಯಿ ತಲೆಯಲ್ಲಿ ಬಂದಳೆಂದು ಮನೆಯಲ್ಲಿ ಅರಿಸಿನ ಹಚ್ಚಿದರು. ಬಾಚಬಾರದು, ಕತ್ತರಿಸಬಾರದು. ಹೇನು, ತುರಿಕೆ, ಕುತ್ತಿಗೆಗೆ ಭಾರ. ಗೆಳತಿಯರು ಪಕ್ಕದಲ್ಲಿ ಕುಳಿತುಕೊಳ್ಳಲು ಹಿಂಜರಿದರು. ಹುಡುಗಿ ಕೊನೆಯ ಬೆಂಚಿಗೆ ಸರಿದಳು. ಇಂಥ ಜಡೆಯನ್ನು ದೇವಿಯ ಕರೆಯೆಂದು ತಿಳಿದು ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದ ಸೀಮೆ ಇದು. ಕರ್ನಾಟಕದಲ್ಲಿ 1982ರಲ್ಲಿಯೂ ಮಹಾರಾಷ್ಟ್ರದಲ್ಲಿ 2005ರಲ್ಲಿಯೂ ಅದನ್ನು ತಡೆಯುವ ಕಾನೂನುಗಳಾದವು. ಕಾನೂನು ಕಾಗದದ ಮೇಲೆ ಬರೆದಷ್ಟು ಬೇಗ ಮನಸ್ಸಿನ ಮೇಲೆ ಬರೆಯಲಾಗದು.

ನಾವು ತಾಯಿಯನ್ನು ಶಾಲೆಗೆ ಕರೆಸಿ ಪಾಠ ಹೇಳಿದೆವು. ಎಣ್ಣೆ, ಧೂಳು, ಬಾಚದಿರುವುದು, ಇಷ್ಟೇ ಕಾರಣವೆಂದು ವಿವರಿಸಿದೆವು. ಮಾತೆಲ್ಲ ಸರಿಯಾಗಿಯೇ ಇತ್ತು. ಅವಳು ಕೇಳಿ ಕೊನೆಗೆ, “ಗುರುಗಳ, ನಮ್ಮ ಓಣ್ಯಾಗ ಒಬ್ಬಾಕಿ ಕತ್ತರಿಸಿದ್ಲು. ಆರು ತಿಂಗಳಾಗ ಗಂಡ ಹೋದ. ನಾಳೆ ನನ್ನ ಮನ್ಯಾಗ ಏನರ ಆದ್ರ ನೀವು ಬರ್ತೀರೇನ್ರಿ?” ಎಂದಳು. ಆರು ತಿಂಗಳಲ್ಲಿ ಊರಿನಲ್ಲಿ ಜಡೆ ಕತ್ತರಿಸದವರ ಮನೆಯಲ್ಲೂ ಸಾವು ಆಗಿರುತ್ತದೆ ಎಂದು ನಾವು ತರ್ಕ ಹೂಡಿದೆವು. ಮರುದಿನದಿಂದ ಹುಡುಗಿ ಶಾಲೆಗೇ ಬರಲಿಲ್ಲ. ತರ್ಕದಲ್ಲಿ ಗೆದ್ದು ಹುಡುಗಿಯನ್ನು ಕಳೆದುಕೊಂಡೆವು. ತಪ್ಪು ನಮ್ಮದೇ. ಅಂಜಿಕೆಗೆ ನಾವು ಅಂಕಗಣಿತದಿಂದ ಉತ್ತರ ಕೊಟ್ಟಿದ್ದೆವು.

ನಮ್ಮ ಶಾಲೆಯ ಅಕ್ಕೋರು ಒಬ್ಬರು ಆ ಮನೆಗೆ ಹೋಗಿ ಕುಳಿತರು. ಪಾಠ ಹೇಳಲಿಲ್ಲ; ನಾಲ್ಕಾರು ಸಲ ಹೋಗಿ ಅವಳ ಮಾತನ್ನೇ ಕೇಳಿದರು. ಒಂದು ದಿನ ಮಾತ್ರ, “ಅಕ್ಕಾರ, ತಾಯಿ ಅಂದ್ರ ಕೂಸಿಗೆ ಇಷ್ಟು ತ್ರಾಸ ಕೊಡಾಕಿ ಹೌದೇನ?” ಎಂದು ಕೇಳಿದರಂತೆ. ಆ ವರ್ಷ ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆಗೆ ಆ ತಾಯಿ ಬರಿಗಾಲಲ್ಲಿ ನಡೆದುಹೋದಳು. ದೇವಿಯ ಮುಂದೆ ನಿಂತು, “ಸಿಟ್ಟು ಬಂದ್ರ ನನ್ನ ಮ್ಯಾಲ ಬರ್ಲಿ ತಾಯಿ, ಕೂಸಿನ ಮ್ಯಾಲ ಬ್ಯಾಡ” ಎಂದು ಹೇಳಿಕೊಂಡು ಬಂದಳು. ಮಗಳ ಜಡೆಯನ್ನು ತಾನೇ ಕತ್ತರಿಸಿದಳು. ಹುಡುಗಿ ತಲೆಗೆ ವಸ್ತ್ರ ಕಟ್ಟಿಕೊಂಡು ಶಾಲೆಗೆ ಬಂದಳು. ಎರಡು ತಿಂಗಳಲ್ಲಿ ವಸ್ತ್ರ ತೆಗೆದಳು.

ಆ ತಾಯಿ ದೇವಿಯನ್ನು ಬಿಡಲಿಲ್ಲ. ನಮ್ಮ ಅಂಕಗಣಿತವನ್ನು ಇವತ್ತಿಗೂ ಒಪ್ಪಿರಲಾರಳು. ಅವಳು ಮಾಡಿದ್ದು ಒಂದೇ: ನಂಬಿಕೆಯ ಬೆಲೆಯನ್ನು ಮಗಳ ತಲೆಯಿಂದ ಇಳಿಸಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹಡಗಿನ ಯಜಮಾನನಿಗೂ ಅವಳಿಗೂ ಇರುವ ಅಂತರ ಇದೇ. ಅವನು ನಂಬಿದ, ಮುಳುಗಿದವರು ಬೇರೆಯವರು.

ಮೂರು ಪ್ರಶ್ನೆಗಳು

ಹೀಗಾಗಿ, ಭಾವ ಸಂಕಲ್ಪಗಳ ಮೇಲೆ ನಿಂತ ನಂಬಿಕೆಯನ್ನು ಸಾರಾಸಗಟಾಗಿ ತಳ್ಳುವುದೂ ಸಲ್ಲ, ಕಣ್ಣುಮುಚ್ಚಿ ಒಪ್ಪುವುದೂ ಸಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ದಾರಿ ಸಿಕ್ಕೀತೆಂದು ನಮಗೆ ತೋರುತ್ತದೆ. ಪರೀಕ್ಷೆಯಿಂದ ತೀರ್ಮಾನವಾಗುವ ಸಂಗತಿಯೇ ಇದು? ಆಗಿದ್ದರೆ ಪರೀಕ್ಷೆಗೆ ಬಿಡಬೇಕು. ಈ ನಂಬಿಕೆಯಿಂದ ನಮ್ಮ ನಡತೆ ಮೇಲಾಯಿತೇ, ಕೀಳಾಯಿತೇ? ವರ್ಷಕ್ಕೊಮ್ಮೆಯಾದರೂ ಲೆಕ್ಕ ನೋಡಬೇಕು. ಇದರ ಬೆಲೆ ತೆರುವವರು ಯಾರು? ನಾವಲ್ಲದೆ ಇನ್ನೊಬ್ಬರಾದರೆ, ಅದರಲ್ಲಿಯೂ ಬೇಡವೆನ್ನಲಾರದ ಮಗುವಾದರೆ, ಆ ನಂಬಿಕೆಗೆ ಎಷ್ಟು ಭಕ್ತಿಯಿದ್ದರೂ ಸಮರ್ಥನೆಯಿಲ್ಲ.

ನಿಮ್ಮ ಅನಂತಪುರದ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡ ಸುದ್ದಿಯನ್ನು ನಾವು ಇಲ್ಲಿಂದಲೇ ಓದಿದೆವು. ಅದು ನೈವೇದ್ಯವನ್ನಷ್ಟೇ ತಿಂದು ಬದುಕಿತ್ತೇ ಎಂಬುದು ಪ್ರಾಣಿಶಾಸ್ತ್ರ ಬಲ್ಲವರು ಹೇಳಬೇಕಾದ ಮಾತು. ಆದರೆ ಅದರ ಕೊನೆಯ ದರ್ಶನಕ್ಕೆ ಸೇರಿದ ಜನರ ಕಣ್ಣೀರಿಗೆ ಯಾರ ಪ್ರಮಾಣಪತ್ರವೂ ಬೇಡ. ಒಂದು ಕ್ರೂರ ಜಂತುವನ್ನೂ ಪ್ರೀತಿಸಲು ಕಲಿಸಿದ ನಂಬಿಕೆಯಿಂದ ಯಾರಿಗೂ ನಷ್ಟವಾಗಲಿಲ್ಲ.

ಇಂಥ ಪ್ರಶ್ನೆಗಳನ್ನು ಕೇಳುವವರನ್ನು ದೇವರ ವೈರಿಗ��ೆಂದು ಬಗೆಯುವ ಕಾಲವಿದು. ಅಂಧಶ್ರದ್ಧೆಯ ವಿರುದ್ಧ ದುಡಿದ ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. ತಮ್ಮ ಹೋರಾಟ ದೇವರ ಮೇಲಲ್ಲ, ದೇವರ ಹೆಸರಿನ ಶೋಷಣೆಯ ಮೇಲೆ ಎಂದು ಅವರು ಹೇಳುತ್ತ ಬಂದಿದ್ದರು. ಅವರು ವರ್ಷಗಟ್ಟಲೆ ಕೇಳಿದ ಕಾನೂನು ಅವರು ಸತ್ತ ಮೇಲೆ ಅದೇ ವರ್ಷ ಬಂದಿತು. ಪ್ರಶ್ನೆ ಕೇಳಿದವನ ಪ್ರಾಣ ತೆಗೆಯುವ ನಂಬಿಕೆ ತನ್ನ ಬೆಲೆಯನ್ನು ಯಾರಿಂದ ವಸೂಲು ಮಾಡಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯ ಲೆಕ್ಕ

ಇನ್ನೊಬ್ಬರಿಗೆ ಪ್ರಶ್ನೆ ಹಾಕುವವರು ತಮಗೂ ಹಾಕಿಕೊಳ್ಳಬೇಕಷ್ಟೆ. ಗಡಿಯ ಕನ್ನಡ ಶಾಲೆಯೂ ಒಂದು ನಂಬಿಕೆಯ ಮೇಲೆಯೇ ನಿಂತಿದೆ. ಜತ್ತದಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವ ತಂದೆತಾಯಿಗಳ ಕೈಯಲ್ಲಿ ನಾಳೆ ನೌಕರಿ ಸಿಕ್ಕೀತೆಂಬ ಪ್ರಮಾಣವಿಲ್ಲ. ಇರುವುದು ನುಡಿಯ ಮೇಲಿನ ಪ್ರೀತಿ, ಬಿಡಲಾರೆವೆಂಬ ಸಂಕಲ್ಪ. ನಾವು ನಂಬಿ ಸೇರಿಸಿದರೆ ಶಾಲೆ ಉಳಿಯುತ್ತದೆ. ಉಳಿದೀತೋ ನೋಡೋಣವೆಂದು ಕಾಯುತ್ತ ಕುಳಿತರೆ ಮುಚ್ಚುತ್ತದೆ. ನಂಬಿಕೆಯೇ ನಿಜವನ್ನು ಮಾಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಜೇಮ್ಸನಿಗೂ ಸಿಕ್ಕಿರಲಾರದು.

ಆದರೆ ಇಲ್ಲಿಯೂ ಬೆಲೆ ತೆರುವವರು ಯಾರು? ಮಗು. ಆದುದರಿಂದ ‘ಕನ್ನಡಕ್ಕಾಗಿ ನಿಮ್ಮ ಮಕ್ಕಳನ್ನು ಕೊಡಿ’ ಎಂದು ಭಾಷಣ ಮಾಡಿ ಮನೆಗೆ ಹೋಗುವ ಹಕ್ಕು ನಮಗಿಲ್ಲ. ಪಾಠವನ್ನು ಚೆನ್ನಾಗಿ ಹೇಳುವುದು, ನಮ್ಮಲ್ಲಿ ಮರಾಠಿಯನ್ನೂ ನಿಮ್ಮಲ್ಲಿ ಮಲಯಾಳವನ್ನೂ ಎರಡೂ ಕಡೆ ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಸುವುದು, ಸಂಜೆ ಒಂದು ಗಂಟೆ ಹೆಚ್ಚು ಕುಳಿತುಕೊಳ್ಳುವುದು, ಇವು ಆ ಬೆಲೆಯಲ್ಲಿ ಅಧ್ಯಾಪಕರ ಪಾಲು. ದಿನಾ ಮಗುವಿನ ಜತೆ ಕುಳಿತು ಓದುವುದು ತಂದೆತಾಯಿಗಳ ಪಾಲು. ಹಿರಿಯರು ತಮ್ಮ ಪಾಲನ್ನು ಕೊಡದೆ ಮಕ್ಕಳಿಂದಲೇ ಎಲ್ಲವನ್ನೂ ತೆರಿಸಿದರೆ ನಾವೂ ಹಡಗಿನ ಯಜಮಾನರೇ.

ಮರುದಿನ ತರಗತಿಯಲ್ಲಿ ಆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. “ನಿಮ್ಮವ್ವ ನಡೆಯುವುದು ತಪ್ಪಲ್ಲ. ಅವಳ ಕಾಲು, ಅವಳ ದಾರಿ. ದಾನಮ್ಮ ಇದ್ದಾಳೆಂದು ನಾನು ಪ್ರಯೋಗ ಮಾಡಿ ತೋರಿಸಲಾರೆ, ಇಲ್ಲವೆಂದೂ ತೋರಿಸಲಾರೆ. ಆದರೆ ನಡೆದು ಬಂದ ಮೇಲೆ ಅವಳು ಹೇಗಿರುತ್ತಾಳೆ, ನೀನೇ ನೋಡಿದ್ದೀಯಲ್ಲ?” ಎಂದೆವು. ಹುಡುಗ ಸ್ವಲ್ಪ ಯೋಚಿಸಿ, “ಎರಡ ದಿನ ಕಾಲ ನೋವ ಅಂತಾಳ್ರಿ. ಆದ್ರ ಮನ್ಯಾಗ ಯಾರಿಗೂ ಬೈಯೂದಿಲ್ಲ” ಎಂದ. ತರಗತಿ ನಕ್ಕಿತು. ಈ ಸಲ ಛಟ್ಟಿ ಅಮಾವಾಸ್ಯೆಗೆ ತಾನೂ ಜತೆಗೆ ಹೋಗಿ ದಾರಿಯಲ್ಲಿ ಅವಳ ಗಂಟನ್ನು ಹೊರುತ್ತೇನೆಂದು ಹೇಳಿ ಕುಳಿತುಕೊಂಡ. ದೇವರ ವಿಷಯದಲ್ಲಿ ಅವನು ಏನು ತೀರ್ಮಾನಿಸಿದನೆಂದು ನಾವು ಕೇಳಲಿಲ್ಲ. ಅದು ಅವನು ನಡೆದು ಕಂಡುಕೊಳ್ಳಬೇಕಾದ ಮಾತು.